ಗಿಟಾರಿನ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು?

ಪತ್ರಿಕೆಗಳಲ್ಲಿ ಬರುವ ಸಂಗೀತ ವಿಮರ್ಶೆಗಳನ್ನು ನಾನು ತಪ್ಪದೆ ಓದುತ್ತೇನೆ. ಗಾಯಕಿ ಯಾವ ಗೀತೆಯಿಂದ ಆರಂಭಿಸಿದರು, ಯಾರ ರಾಗಸಂಯೋಜನೆ, ತಬಲ ಹೇಗೆ ಒದಗಿತು, ಕೀಬೋರ್ಡಿನವರು ಎಲ್ಲಿ ಅತಿಯಾದರು ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಆ ಸಂಜೆಯನ್ನು ಉಳಿಸಿದ್ದು ಅಥವಾ ಕೆಡಿಸಿದ್ದು ವೇದಿಕೆಯ ಹಿಂಬದಿಯಲ್ಲಿ ಕುಳಿತಿದ್ದ ಒಂದು ಕಪ್ಪು ಪೆಟ್ಟಿಗೆಯಾಗಿದ್ದರೆ ಆ ಮಾತು ವಿಮರ್ಶೆಯಲ್ಲಿ ಬರುವುದಿಲ್ಲ. ಬಹಳವೆಂದರೆ ಕೊನೆಯಲ್ಲಿ ‘ಧ್ವನಿವರ್ಧಕದ ವ್ಯವಸ್ಥೆ ಇನ್ನೂ ಚೆನ್ನಾಗಿರಬಹುದಿತ್ತು’ ಎಂಬ ಒಂದು ಸಾಲು. ಊಟ ಬಡಿಸಿ ಮುಗಿದ ಮೇಲೆ ‘ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು’ ಎಂದಂತೆ. ಉಪ್ಪು ಜಾಸ್ತಿಯಾದ ಸಾರನ್ನು ಯಾರು ತಾನೇ ಉಂಡಾರು? ಸದ್ದು ಜಾಸ್ತಿಯಾದ ಹಾಡಿಗೂ ಅದೇ ಗತಿ. ಹಾಗಾಗಿ ಈ ಬಾರಿ ರಾಗ ತಾಳಗಳನ್ನು ಬದಿಗಿಟ್ಟು, ಆ ಪೆಟ್ಟಿಗೆಯ ವಿಮರ್ಶೆಯನ್ನೇ ಮಾಡೋಣ ಎಂದುಕೊಂಡಿದ್ದೇನೆ.

ಇದಕ್ಕೆ ಕಾರಣವೂ ಉಂಟು. ನನ್ನ ನಾದಿನಿಯ ಮನೆ ಕೆಂಗೇರಿ ಉಪನಗರದಲ್ಲಿ. ಅವಳ ಮಗಳು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ವಿಜಯನಗರ, ಬಸವೇಶ್ವರನಗರದ ಕಡೆಯ ಐದು ಜನ ಸೇರಿ ಒಂದು ಪುಟ್ಟ ಸುಗಮ ಸಂಗೀತ ತಂಡ ಮಾಡಿಕೊಂಡಿದ್ದಾರೆ. ಹಾಡುವವರು ಒಬ್ಬ ಶಾಲಾ ಶಿಕ್ಷಕಿ, ತಂಡದವರೆಲ್ಲ ಅವರನ್ನು ‘ಅಕ್ಕ’ ಎಂದೇ ಕರೆಯುವುದು. ಜೊತೆಗೆ ತಬಲ, ಕೀಬೋರ್ಡ್, ರಿದಮ್ ಪ್ಯಾಡ್ ಮತ್ತು ನಮ್ಮ ಹುಡುಗಿಯ ಗಿಟಾರ್. ಗಣೇಶನ ಹಬ್ಬ ಬಂತೆಂದರೆ ಆರಂಭವಾಗುವ ಇವರ ಓಡಾಟ ಕನ್ನಡ ರಾಜ್ಯೋತ್ಸವದ ನವೆಂಬರ್ ಮುಗಿಯುವವರೆಗೂ ನಡೆಯುತ್ತದೆ. ನಡುವೆ ಮದುವೆಯ ಆರತಕ್ಷತೆಗಳು ಬೇರೆ. ಇಲ್ಲಿಯವರೆಗೆ ಬೇರೆಯವರ ಆಂಪ್ಲಿಫೈಯರ್ ಕಡ ತಂದು ನುಡಿಸುತ್ತಿದ್ದವಳು, ಕಳೆದ ವರ್ಷ ಹಬ್ಬಕ್ಕೆ ಮುಂಚೆ ತನ್ನದೇ ಒಂದನ್ನು ಕೊಳ್ಳಬೇಕೆಂದು ಹೊರಟಳು. ಆಗ ಮನೆಯಲ್ಲಿ ಎದ್ದ ಪ್ರಶ್ನೆ: ನೂರು ವ್ಯಾಟಿನದೋ, ಮೂವತ್ತು ವ್ಯಾಟಿನದೋ?

ಅವಳ ಅಣ್ಣನಿಗೆ ನೂರಕ್ಕಿಂತ ಕಡಿಮೆ ಎಂದರೆ ಅವಮಾನ. ‘ಸ್ಟೇಜ್ ಮೇಲೆ ಇಟ್ರೆ ಒಂದು ಗತ್ತಿರಬೇಕು’ ಎಂದು ಅವನ ವಾದ. ಅವಳಪ್ಪ ‘ಹೇಗೂ ಒಂದು ಸಲ ಕೊಳ್ಳೋದು, ದೊಡ್ಡದೇ ಇರಲಿ, ಮುಂದಕ್ಕಾಗುತ್ತೆ’ ಎಂದರು, ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಒಂದು ಗೇಣು ಜಾಸ್ತಿ ಬಿಡಿಸುವ ನಮ್ಮ ಮಧ್ಯಮ ವರ್ಗದ ವಿವೇಕದಂತೆ. ನಾದಿನಿಗೆ ಅದನ್ನು ಇಡುವುದೆಲ್ಲಿ ಎಂಬ ಚಿಂತೆ. ಹುಡುಗಿ ನನ್ನನ್ನು ಕೇಳಿದಳು: ‘ಅತ್ತೆ, ನೀವು ಎಲ್ಲಾ ಪ್ರೋಗ್ರಾಮಿಗೂ ಬರ್ತೀರಲ್ಲ, ಹಿಂದೆ ಕೂತೋರಿಗೆ ನನ್ನ ಗಿಟಾರ್ ಕೇಳಿಸುತ್ತಾ?’ ನಾನೆಂದೆ: ‘ನಿನ್ನ ಗಿಟಾರ್ ಕೇಳಿಸುತ್ತಮ್ಮ. ಅಕ್ಕನ ಹಾಡು ಕೇಳಿಸೋಲ್ಲ.’

ಎಲೆಕ್ಟ್ರಿಕ್ ಗಿಟಾರ್ ಎಂಬುದು ಹೊಟ್ಟೆಯಿಲ್ಲದ ವಾದ್ಯ. ನಮ್ಮ ವೀಣೆಗೆ ಹಲಸಿನ ಮರದಲ್ಲಿ ಕೊರೆದ ಕೊಡವಿದೆ. ತಂತಿಯ ನಡುಕವನ್ನು ಆ ಟೊಳ್ಳು ಹಿಡಿದು, ತುಂಬಿ, ಹೊರಗೆ ಕಳಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿನದು ಹೆಚ್ಚಾಗಿ ಗಟ್ಟಿ ಹಲಗೆ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ ಇರುತ್ತದೆ. ಉಕ್ಕಿನ ತಂತಿ ಅಲುಗಾಡಿದರೆ ಆ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವುದೇ ಆಂಪ್ಲಿಫೈಯರಿನ ಕೆಲಸ. ಹಾಗಾಗಿ ಈ ಪೆಟ್ಟಿಗೆ ವಾದ್ಯದ ಅರ್ಧ ಭಾಗವೇ ಆಯಿತು. ವೀಣೆಗೆ ಕೊಡವನ್ನು ಆರಿಸುವಷ್ಟೇ ಎಚ್ಚರಿಕೆಯಿಂದ ಗಿಟಾರಿಗೆ ಪೆಟ್ಟಿಗೆಯನ್ನು ಆರಿಸಬೇಕು. ಕೊಡ ದೊಡ್ಡದಾದಷ್ಟೂ ವೀಣೆ ಒಳ್ಳೆಯದೆಂದು ಯಾವ ವೈಣಿಕರೂ ಹೇಳುವುದಿಲ್ಲ.

ಇನ್ನು ವ್ಯಾಟಿನ ಲೆಕ್ಕ. ನಮ್ಮಲ್ಲಿ ಬಹಳ ಜನ ಮೋಸ ಹೋಗುವುದು ಇಲ್ಲಿಯೇ. ನೂರು ವ್ಯಾಟಿನ ಪೆಟ್ಟಿಗೆ ಐವತ್ತು ವ್ಯಾಟಿನದಕ್ಕಿಂತ ಎರಡು ಪಟ್ಟು ಜೋರು ಎಂದೇ ಎಲ್ಲರೂ ತಿಳಿಯುತ್ತಾರೆ. ಕಿವಿ ಹಾಗೆ ಅಳೆಯುವುದಿಲ್ಲ. ವ್ಯಾಟನ್ನು ಇಮ್ಮಡಿ ಮಾಡಿದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ‘ಸ್ವಲ್ಪ ಜಾಸ್ತಿಯಾಯಿತೇನೋ’ ಅನ್ನಿಸುವಷ್ಟು, ಅಷ್ಟೆ. ಸದ್ದು ಎರಡು ಪಟ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಅಂದರೆ ಹತ್ತು ವ್ಯಾಟಿನದರ ಎರಡು ಪಟ್ಟು ಜೋರು ಬೇಕೆಂದರೆ ನೂರು ವ್ಯಾಟ್!

ಇನ್ನೊಂದು ಲೆಕ್ಕ ನೋಡಿ. ಗಿಟಾರಿಗೆಂದು ಮಾಡಿದ ಹನ್ನೆರಡು ಇಂಚಿನ ಒಳ್ಳೆಯ ಸ್ಪೀಕರಿಗೆ ಬರಿಯ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 97 ಡೆಸಿಬೆಲ್ ಸದ್ದು ಬರುತ್ತದೆ. ನಾವು ನೀವು ಎದುರು ಬದುರು ಕುಳಿತು ಮಾತಾಡುವುದು ಸುಮಾರು 60 ಡೆಸಿಬೆಲ್. ಒಂದೇ ವ್ಯಾಟ್ ಇಷ್ಟು ಕೂಗಾಡಿದರೆ ನೂರು ವ್ಯಾಟಿನ ಮಾತೇನು? ಹತ್ತು ವ್ಯಾಟಿಗೆ 107, ನೂರು ವ್ಯಾಟಿಗೆ 117. ದಿನವೂ 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆಗಿಂತ ಹೆಚ್ಚು ಇರಬಾರದು, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗಬೇಕು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಪ್ರಕಾರ 100 ಡೆಸಿಬೆಲ್ಲಿಗೆ ಹದಿನೈದೇ ನಿಮಿಷ. ನಮ್ಮ ರಾಜ್ಯೋತ್ಸವದ ಕಾರ್ಯಕ್ರಮಗಳು ಮೂರು ಗಂಟೆ ನಡೆಯುತ್ತವೆ.

ಹಾಗಿದ್ದರೂ ದೊಡ್ಡ ಪೆಟ್ಟಿಗೆಯ ಮೋಹ ಎಲ್ಲಿಂದ ಬಂತು? ಅದಕ್ಕೊಂದು ನ್ಯಾಯವಾದ ಚರಿತ್ರೆಯೂ ಇದೆ. ಕೊನೆಯ ಸಾಲಿನವರಿಗೆ ಕೇಳಬೇಕೆಂಬ ಆಸೆ ಕಲಾವಿದರಿಗೆ ಹೊಸದಲ್ಲ. ನಮ್ಮ ಪಿಟೀಲು ಚೌಡಯ್ಯನವರನ್ನೇ ನೆನೆಯಿರಿ. ತಿರುಮಕೂಡಲಿನ ಈ ಮಹಾನುಭಾವರು (1895–1967) ಮೈಕು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ತಮ್ಮ ವಾದ್ಯ ಹಿಂದೆ ಕುಳಿತವರಿಗೆ ಕೇಳಿಸುತ್ತಿಲ್ಲವೆಂದು ಅರಿತು, ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿ ಸೇರಿಸಿ ಏಳು ತಂತಿಯದನ್ನು ಮಾಡಿಕೊಂಡರು. ಅದು ನಿಜವಾದ ಕೊರತೆಗೆ ಕಂಡುಕೊಂಡ ಪರಿಹಾರ. ಹಾಗೆ ನಾದ ಹೆಚ್ಚಿಸಿಕೊಂಡೂ ಅವರು ಗಾಯಕರಿಗೆ ಪಕ್ಕವಾದ್ಯವಾಗಿಯೇ ದೊಡ್ಡ ಹೆಸರು ಪಡೆದರು ಎಂಬುದನ್ನು ಮರೆಯಬಾರದು. ರಾಜಾಜಿನಗರದಿಂದ ಮಲ್ಲೇಶ್ವರದ ಕಡೆ ಹೋದರೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಅವರ ಸ್ಮಾರಕ ಭವನ ಸಿಗುತ್ತದೆ.

ಕಡಲಾಚೆಯ ಕಥೆಯೂ ಹೀಗೆಯೇ ಆರಂಭವಾಯಿತು. ಇಂಗ್ಲೆಂಡಿನ ಬೀಟಲ್ಸ್ ತಂಡ ಮೊದಮೊದಲು ವಾಕ್ಸ್ ಕಂಪನಿಯ ಮೂವತ್ತು ವ್ಯಾಟಿನ ಪೆಟ್ಟಿಗೆಗಳಲ್ಲಿ ನುಡಿಸುತ್ತಿತ್ತು. ಜನ ಹೆಚ್ಚಿದಂತೆ ಅವು ಸಾಲದಾದವು. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರಕ್ಕೂ ಹೆಚ್ಚು ಜನರ ಎದುರು ಅವರು ಹಾಡಿದಾಗ ನೂರು ವ್ಯಾಟಿನ ಪೆಟ್ಟಿಗೆಗಳನ್ನೇ ಇಟ್ಟುಕೊಂಡಿದ್ದರು. ಆದರೂ ಕಿರುಚಾಟದ ನಡುವೆ ಅವರಿಗೆ ತಮ್ಮ ಹಾಡು ತಮಗೇ ಸರಿಯಾಗಿ ಕೇಳಲಿಲ್ಲ. ಮರುವರ್ಷ ಅವರು ಊರೂರು ತಿರುಗಿ ಹಾಡುವುದನ್ನೇ ಬಿಟ್ಟರು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಡ್ರಮ್ ಮಾರುವ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್, ‘ದಿ ಹೂ’ ತಂಡದವರ ಒತ್ತಾಯಕ್ಕೆ ನೂರು ವ್ಯಾಟಿನ ಆಂಪ್ಲಿಫೈಯರುಗಳನ್ನು ಮಾಡಿಕೊಟ್ಟ. ಸ್ಪೀಕರಿನ ಪೆಟ್ಟಿಗೆಗಳನ್ನು ಗೋಡೆಯಂತೆ ಒಂದರ ಮೇಲೊಂದು ಪೇರಿಸುವ ಪದ್ಧತಿ ಬಂದದ್ದು ಆಗ.

ಇಲ್ಲಿ ಒಂದು ಮಾತು ಗಮನಿಸಬೇಕು. ಆಗ ಸಭಾಂಗಣದ ಮೈಕ್‌ಸೆಟ್ಟಿಗೆ ಗಿಟಾರನ್ನು ಸರಿಯಾಗಿ ಹೊರುವ ಶಕ್ತಿ ಇರಲಿಲ್ಲ. ಹಾಗಾಗಿ ವೇದಿಕೆಯ ಪೆಟ್ಟಿಗೆಯೇ ಇಡೀ ಸಭೆಗೆ ಸದ್ದು ಕೊಡಬೇಕಿತ್ತು. ಮುಂದೆ ಮೈಕ್‌ಸೆಟ್ಟುಗಳು ಸುಧಾರಿಸಿದವು. ಚಿಕ್ಕ ಪೆಟ್ಟಿಗೆಯ ಮುಂದೆ ಒಂದು ಮೈಕು ಇಟ್ಟರೆ ಸಾಕು, ಹತ್ತು ವ್ಯಾಟಿನ ಗಿಟಾರೂ ಮೈದಾನದ ತುದಿಗೆ ಮುಟ್ಟುತ್ತದೆ. ಕಾರಣ ಹೋದರೂ ಗೋಡೆ ಮಾತ್ರ ಉಳಿಯಿತು, ಕ್ಯಾಲೆಂಡರಿನ ಚಿತ್ರದಂತೆ. ನಮ್ಮ ಗಲ್ಲಿಯ ಹುಡುಗರು ನೋಡಿ ಆಸೆಪಡುವುದು ಆ ಚಿತ್ರವನ್ನೇ. 2005ರಲ್ಲಿ ಸಿ. ಅಶ್ವಥ್ ಅವರು ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಜನಸಾಗರವೇ ಸೇರಿತ್ತು. ಅಂಥ ಸಭೆಗೆ ದೊಡ್ಡ ಧ್ವನಿವ್ಯವಸ್ಥೆ ಬೇಕೇ ಬೇಕು. ಹಂಪಿನಗರದ ಒಂದು ಅಡ್ಡರಸ್ತೆಯಲ್ಲಿ ಶಾಮಿಯಾನ ಹಾಕಿ ಇನ್ನೂರು ಕುರ್ಚಿ ಹಾಕಿದ ಕಡೆ ಅದರ ಅನುಕರಣೆ ಯಾಕೆ?

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಇಂಥ ವೇದಿಕೆಗಳಲ್ಲಿ ನಡೆಯುವುದು ಹೀಗೆ. ಗಿಟಾರಿನ ಪೆಟ್ಟಿಗೆ ನೆಲದ ಮೇಲಿರುತ್ತದೆ, ನುಡಿಸುವವರು ಅದರ ಮುಂದೆ ಒಂದು ಮಾರು ದೂರದಲ್ಲಿ ನಿಂತಿರುತ್ತಾರೆ. ಸದ್ದು ಮೊಣಕಾಲಿಗೆ ಬಡಿದು ನೇರ ಸಭಿಕರ ಕಡೆಗೆ ಹೋಗುತ್ತದೆ. ಮೊಣಕಾಲಿಗೆ ಕಿವಿಯುಂಟೇ? ತನಗೆ ಕೇಳುತ್ತಿಲ್ಲವೆಂದು ಗಿಟಾರಿನವರು ಗುಂಡಿ ತಿರುಗಿಸುತ್ತಾರೆ. ಅದು ಏರಿತೆಂದು ಕೀಬೋರ್ಡಿನವರು ಏರಿಸುತ್ತಾರೆ. ರಿದಮ್ ಪ್ಯಾಡಿನವರು ಬಿಟ್ಟಾರೆಯೇ? ತಬಲದವರ ಮುಖ ಬಾಡುತ್ತದೆ. ಎಲ್ಲರಿಗೂ ಏರಿಸಲು ಗುಂಡಿಯಿದೆ. ಹಾಡುವವಳಿಗೆ ಇರುವುದು ಗಂಟಲು ಮಾತ್ರ. ಅವಳ ಮೈಕನ್ನು ಏರಿಸಿದರೆ ಅದು ಕುಯ್ಯೆಂದು ಕೂಗುತ್ತದೆ. ಸುತ್ತ ಸದ್ದು ಹೆಚ್ಚಿದರೆ ಮನುಷ್ಯ ತನಗರಿಯದಂತೆಯೇ ದನಿ ಏರಿಸುತ್ತಾನೆ ಎಂಬುದನ್ನು ಕಳೆದ ಶತಮಾನದ ಆರಂಭದಲ್ಲೇ ಲೊಂಬಾರ್ ಎಂಬ ಫ್ರಾನ್ಸಿನ ವೈದ್ಯ ಗುರುತಿಸಿದ್ದ. ಅದಕ್ಕೆ ಅವನ ಹೆಸರೇ ಇದೆ. ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಂಡು ಬರುವಾಗ ನಾವೆಲ್ಲ ಕೂಗಿ ಮಾತಾಡುವುದಿಲ್ಲವೇ, ಹಾಗೆ. ವ್ಯತ್ಯಾಸವಿಷ್ಟೆ: ಗಿರಣಿಯಲ್ಲಿ ಐದು ನಿಮಿಷ, ವೇದಿಕೆಯಲ್ಲಿ ಮೂರು ಗಂಟೆ.

ಅಕ್ಕ ಬೆಳಗ್ಗೆಯಿಂದ ಶಾಲೆಯಲ್ಲಿ ಅರವತ್ತು ಮಕ್ಕಳ ಮೇಲೆ ದನಿ ಏರಿಸಿ ಬಂದವರು. ಒಂದು ರಾಜ್ಯೋತ್ಸವದ ತಿಂಗಳು ಮುಗಿಯುವ ಹೊತ್ತಿಗೆ ಅವರ ಗಂಟಲು ಒಡೆದ ಕೊಳಲಿನಂತಾಗಿತ್ತು. ಧ್ವನಿತಂತುಗಳು ಊದಿಕೊಂಡಿವೆ, ಮೂರು ವಾರ ಹಾಡುವುದಿರಲಿ, ಪಾಠವನ್ನೂ ಮಾಡಬೇಡಿ ಎಂದು ವೈದ್ಯರು ಹೇಳಿದರು. ಸಂಬಳ ಬರುವ ಕೆಲಸವೂ ಗಂಟಲಿನದೇ, ಸಂತೋಷ ಕೊಡುವ ಕೆಲಸವೂ ಗಂಟಲಿನದೇ ಆದ ಹೆಣ್ಣುಮಗಳಿಗೆ ಇದೇನು ಸಣ್ಣ ಮಾತೇ? ಮನೆಯವರು ‘ಹಾಡಿದ್ದು ಸಾಕು’ ಎಂದರಂತೆ. ಪೆಟ್ಟಿಗೆಯ ಗುಂಡಿ ಸ್ವಲ್ಪ ಇಳಿಸಿ ಎಂದು ಯಾರೂ ಹೇಳಲಿಲ್ಲ. ನಮ್ಮಲ್ಲಿ ಯಾವ ಗದ್ದಲಕ್ಕೂ ಪರಿಹಾರ ಹೆಂಗಸು ಸುಮ್ಮನಾಗುವುದೇ ಅಲ್ಲವೇ!

ಸುಗಮ ಸಂಗೀತದ ಜೀವವಿರುವುದು ಪದದಲ್ಲಿ. ಕವಿತೆ ಕೇಳಿಸದಿದ್ದರೆ ಉಳಿಯುವುದು ಬರಿಯ ಮಟ್ಟು. ಸ್ವರಗಳು, ಅಂದರೆ ಅ, ಆ, ಓಗಳು, ಗದ್ದಲದಲ್ಲೂ ಹೇಗೋ ದಾಟಿ ಬರುತ್ತವೆ. ಪದವನ್ನು ಪದವಾಗಿಸುವ ವ್ಯಂಜನಗಳು ಹಾಗಲ್ಲ. ಸ, ಶ, ತ, ಥ, ಕ್ಷಗಳ ಸೂಕ್ಷ್ಮವೆಲ್ಲ ಬಹುಮಟ್ಟಿಗೆ ಎರಡು ಸಾವಿರ ಹರ್ಟ್ಸ್‌ನಿಂದ ಮೇಲಿನ ತೆಳು ಶಬ್ದಗಳಲ್ಲಿದೆ. ಎಲೆಕ್ಟ್ರಿಕ್ ಗಿಟಾರಿನ ಮೊನಚು ಹೆಚ್ಚಾಗಿ ಎರಡರಿಂದ ನಾಲ್ಕು ಸಾವಿರದ ನಡುವೆ ಕೂರುತ್ತದೆ. ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗಿದಂತೆ, ಬಲವಿದ್ದವರು ಒಳಗೆ ಬರುತ್ತಾರೆ. ಒತ್ತಕ್ಷರಗಳೇ ಬೆನ್ನೆಲುಬಾದ ಕನ್ನಡ ಪದ್ಯದ ಗತಿಯೇನು? ‘ಪುಟ್ಟ’ ಹೋಗಿ ‘ಪುಟ’ವಾಗುತ್ತದೆ, ‘ಅತ್ತೆ’ ಹೋಗಿ ‘ಅತೆ’ಯಾಗುತ್ತಾಳೆ! ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಹೌದು. ಆದರೆ ಅದು ಅವರಿಗೆ ಮೊದಲೇ ಬಾಯಿಪಾಠವಾಗಿದ್ದ ಹಾಡಿಗೆ. ಹೊಸ ಕವಿಯ ಹೊಸ ಕವಿತೆಯೊಂದನ್ನು ಇಂಥ ವೇದಿಕೆಯಲ್ಲಿ ಹಾಡಿ ನೋಡಿ, ಒಂದು ಸಾಲೂ ಯಾರಿಗೂ ದಕ್ಕುವುದಿಲ್ಲ. ಎಲ್ಲ ತಂಡಗಳೂ ಅವೇ ಹತ್ತು ಹಾಡುಗಳಿಗೆ ಜೋತುಬಿದ್ದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಅನುಮಾನ.

ಧ್ವನಿವರ್ಧನೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮ್ಯಾಂಡೊಲಿನ್ ಯು. ಶ್ರೀನಿವಾಸ್ (1969–2014) ಅವರನ್ನು ಕೇಳಿದ ಯಾರೂ ಹಾಗೆ ಹೇಳಲಾರರು. ಸಾಮಾನ್ಯ ಮ್ಯಾಂಡೊಲಿನ್ನಿನಲ್ಲಿ ಮೀಟಿದ ಸ್ವರ ಬಹುಬೇಗ ಸಾಯುತ್ತದೆ, ಗಮಕಕ್ಕೆ ಎಳೆಯುವಷ್ಟರಲ್ಲಿ ನಾದವೇ ಇರುವುದಿಲ್ಲ. ಅವರ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ವಿದ್ಯುತ್ತಿನ ನೆರವಿನಿಂದ ಸ್ವರ ನಿಂತಿತು, ಅದನ್ನು ಬಳುಕಿಸಿ ಕರ್ನಾಟಕ ಸಂಗೀತದ ಸೂಕ್ಷ್ಮಗಳನ್ನೆಲ್ಲ ತೋರಿಸಲು ಸಾಧ್ಯವಾಯಿತು. ಸಣ್ಣದನ್ನು ಕಾಣಿಸಲು ಭೂತಗನ್ನಡಿ ಹಿಡಿದಂತೆ ಅವರು ಆಂಪ್ಲಿಫೈಯರನ್ನು ಬಳಸಿದರು. ಭೂತಗನ್ನಡಿಯಿಂದ ಎದುರಿನವರ ತಲೆಗೆ ಕುಟ್ಟಬಾರದು, ಇಷ್ಟೇ ನನ್ನ ತಕರಾರು.

ಹಾಗಾದರೆ ಎಷ್ಟು ಬೇಕು? ಜಾಗ ನೋಡಿ ಹೇಳಬೇಕಾದ ಮಾತಿದು. ಅಡುಗೆಯವರು ಎಲೆ ಎಷ್ಟು ಎಂದು ಕೇಳಿದ ಮೇಲಲ್ಲವೇ ಪಾತ್ರೆ ಇಳಿಸುವುದು? ಹತ್ತು ಎಲೆಗೆ ಕೊಳಗ ಇಟ್ಟರೆ ಸಾರು ತಳ ಹಿಡಿಯುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಐದರಿಂದ ಹತ್ತು ವ್ಯಾಟ್ ಧಾರಾಳ. ತಬಲ, ರಿದಮ್ ಪ್ಯಾಡ್ ಇರುವ ನಮ್ಮ ಹುಡುಗಿಯ ತಂಡದಂಥದಕ್ಕೆ ಟ್ರಾನ್ಸಿಸ್ಟರ್ ಬಗೆಯದಾದರೆ ಇಪ್ಪತ್ತರಿಂದ ನಲವತ್ತು ವ್ಯಾಟ್, ಹತ್ತು ಅಥವಾ ಹನ್ನೆರಡು ಇಂಚಿನ ಸ್ಪೀಕರ್ ಸಾಕು. ಕೋಲು ಹಿಡಿದು ಬಾರಿಸುವ ನಿಜವಾದ ಡ್ರಮ್‌ಸೆಟ್ ಪಕ್ಕದಲ್ಲಿದ್ದರೆ, ಮತ್ತು ಗಿಟಾರಿಗೆ ಬೇರೆ ಮೈಕು ಸಿಗದಿದ್ದರೆ, ಆಗ ಐವತ್ತು ಅರವತ್ತು ವ್ಯಾಟಿನ ಮಾತಾಡಬಹುದು. ವ್ಯಾಟ್ ಹೆಚ್ಚಿದ್ದರೆ ಒಂದು ಅನುಕೂಲ ನಿಜವಾಗಿಯೂ ಇದೆ: ಜೋರಾಗಿ ಮೀಟಿದಾಗಲೂ ದನಿ ಒಡೆಯದೆ ಸ್ವಚ್ಛವಾಗಿ ಬರುತ್ತದೆ. ಟ್ರಾನ್ಸಿಸ್ಟರ್ ಪೆಟ್ಟಿಗೆ ತನ್ನ ಮಿತಿ ಮೀರಿದಾಗ ಕರ್ಕಶವಾಗುತ್ತದೆ, ಆದ್ದರಿಂದ ಅದಕ್ಕೆ ಸ್ವಲ್ಪ ಮೀಸಲು ಶಕ್ತಿ ಬೇಕು.

ವಾಲ್ವ್ ಬಗೆಯದರ ಸ್ವಭಾವ ಬೇರೆ. ಹಳೆಯ ಮರ್ಫಿ ರೇಡಿಯೋ ಹಚ್ಚಿ, ಬಿಸಿಯಾಗಲೆಂದು ಕಾಯುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು, ಅದೇ ವಾಲ್ವ್. ಮಿತಿಯ ಹತ್ತಿರ ಬಂದಾಗ ಅದರ ದನಿ ಇಂಪಾಗಿ ಒಡೆಯುತ್ತದೆ. ಗಿಟಾರಿನವರು ಆಸೆಪಡುವುದು ಆ ಒಡೆದ ದನಿಗೇ. ಹದಿನೈದು ವ್ಯಾಟಿನ ವಾಲ್ವ್ ಪೆಟ್ಟಿಗೆ ಚಿಕ್ಕ ಸಭಾಂಗಣದಲ್ಲೇ ಆ ಇಂಪಿಗೆ ಬರುತ್ತದೆ. ನೂರು ವ್ಯಾಟಿನದನ್ನು ಆ ಮಟ್ಟಕ್ಕೆ ಏರಿಸಿದರೆ ಸಭಿಕರು ಎದ್ದು ಹೋಗುತ್ತಾರೆ, ಇಳಿಸಿದರೆ ಅದು ಸಪ್ಪೆ. ದೊಡ್ಡದನ್ನು ಕೊಂಡು ಕಡಿಮೆ ಇಟ್ಟುಕೊಂಡರಾಯಿತು ಎಂಬ ಅಪ್ಪಂದಿರ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ನಮ್ಮ ಪಶ್ಚಿಮ ಬೆಂಗಳೂರಿನ ಜಾಗಗಳು. ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರದಂಥ ಸಭಾಂಗಣದಲ್ಲಿ ಸಭೆಗೆ ಸದ್ದು ಹಂಚುವುದು ಸಭಾಂಗಣದ ಧ್ವನಿವ್ಯವಸ್ಥೆಯ ಕೆಲಸ. ಅಲ್ಲಿ ಗಿಟಾರಿನ ಪೆಟ್ಟಿಗೆ ನುಡಿಸುವವರಿಗೆ ತಮ್ಮ ದನಿ ತಮಗೆ ಕೇಳಿಸಿದರೆ ಸಾಕು. ಕಲ್ಯಾಣ ಮಂಟಪಗಳ ಕಥೆ ಬೇರೆ. ನೆಲಕ್ಕೆ ನುಣುಪಾದ ಕಲ್ಲು, ಸುತ್ತ ಬರಿಯ ಗೋಡೆ, ಎತ್ತರದ ಮಾಳಿಗೆ. ಸದ್ದು ಹೀರಿಕೊಳ್ಳಲು ಹೆಂಗಸರ ರೇಷ್ಮೆ ಸೀರೆಗಳನ್ನು ಬಿಟ್ಟರೆ ಬೇರೇನಿಲ್ಲ! ಅಲ್ಲಿ ಸದ್ದು ಏರಿಸಿದಷ್ಟೂ ಪ್ರತಿಧ್ವನಿ ಏರುತ್ತದೆಯೇ ಹೊರತು ಸ್ಪಷ್ಟತೆಯಲ್ಲ. ತೀರ ಚಿಕ್ಕ ಪೆಟ್ಟಿಗೆ ಒಯ್ಯಬೇಕಾದ ಜಾಗ ಅದು. ಕೆಂಗೇರಿ ಉಪನಗರದ ತೆರೆದ ಮೈದಾನದ ಪೆಂಡಾಲಿನಲ್ಲಿ ತಿರುಗಿ ಬರುವ ಗೋಡೆಯಿಲ್ಲ. ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನವರಿಗೆ ಮುಟ್ಟಿಸುತ್ತೇನೆಂದು ವೇದಿಕೆಯ ಪೆಟ್ಟಿಗೆಯಿಂದಲೇ ಹೊರಟರೆ ಮುಂದಿನ ಸಾಲಿನ ಮಕ್ಕಳ ಕಿವಿ ಕಿವುಡಾದೀತು. ಅಲ್ಲಿಯೂ ಪೆಟ್ಟಿಗೆಯ ಮುಂದೆ ಒಂದು ಮೈಕು ಇಡುವುದೇ ದಾರಿ. ಈಗಂತೂ ಪೆಟ್ಟಿಗೆಯೇ ಇಲ್ಲದೆ, ಗಿಟಾರನ್ನು ಒಂದು ಡಿಜಿಟಲ್ ಉಪಕರಣದ ಮೂಲಕ ನೇರ ಮಿಕ್ಸರಿಗೆ ಕೊಡುವವರೂ ಇದ್ದಾರೆ. ಆದರೆ ವೇದಿಕೆಯ ಮೇಲಿರುವವರ ಕಡೆಗೆ ತಿರುಗಿಸಿದ ಮಾನಿಟರ್ ಸ್ಪೀಕರ್ ಇದ್ದರೆ ಮಾತ್ರ ಅದು ಸಾಧ್ಯ. ನಮ್ಮ ಗಲ್ಲಿಯ ಮೈಕ್‌ಸೆಟ್ಟುಗಳಲ್ಲಿ ಅದನ್ನು ನಂಬಿ ಹೊರಡುವಂತಿಲ್ಲ.

ಸುತ್ತಲಿನ ಮನೆಗಳನ್ನೂ ಮರೆಯಬಾರದು. ಶಬ್ದಮಾಲಿನ್ಯ ತಡೆಗೆಂದು 2000ದಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಒತ್ತಿ ಹೇಳಿತು. ಕಾನೂನು ಹೇಗೂ ಇರಲಿ, ಪೆಂಡಾಲಿನ ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೋ, ಹಾಲು ಕುಡಿಯುವ ಮಗುವನ್ನೋ ನೋಡಿಕೊಳ್ಳುತ್ತಿರುವ ಹೆಣ್ಣುಮಗಳಿಗೆ ಆ ಸಂಜೆ ಹೇಗಿರುತ್ತದೆ ಎಂಬುದನ್ನು ನಾವಾದರೂ ಯೋಚಿಸಬೇಡವೇ?

ಕೊನೆಯದಾಗಿ ತೂಕ. ಜಾಹೀರಾತುಗಳಲ್ಲಿ ವ್ಯಾಟನ್ನು ದೊಡ್ಡಕ್ಷರದಲ್ಲೂ ಕಿಲೋವನ್ನು ಸಣ್ಣಕ್ಷರದಲ್ಲೂ ಬರೆಯುತ್ತಾರೆ. ನಾಲ್ಕು ಸ್ಪೀಕರಿನ ದೊಡ್ಡ ಪೆಟ್ಟಿಗೆ ಮೂವತ್ತೈದು ಕಿಲೋಗೂ ಮೀರುವುದುಂಟು. ಅದನ್ನು ಎರಡನೇ ಮಹಡಿಯಿಂದ ಇಕ್ಕಟ್ಟಾದ ಮೆಟ್ಟಿಲಲ್ಲಿ ಇಳಿಸಲು ಅಣ್ಣ ಬೇಕು, ಸಾಗಿಸಲು ಅಪ್ಪನ ಕಾರು ಬೇಕು, ಕಾರ್ಯಕ್ರಮ ಮುಗಿದ ಮೇಲೆ ಅವರಿಬ್ಬರೂ ಬರುವವರೆಗೆ ಕಾಯಬೇಕು. ಅವರಿಗೆ ಬಿಡುವಿಲ್ಲದ ದಿನ ಕಾರ್ಯಕ್ರಮವೇ ಇಲ್ಲ. ಹತ್ತು ಹನ್ನೆರಡು ಕಿಲೋದ್ದನ್ನು ಹುಡುಗಿ ತಾನೇ ಎತ್ತಿ ಆಟೋದಲ್ಲಿಟ್ಟುಕೊಂಡು ರಾಜಾಜಿನಗರಕ್ಕೆ ಹೋಗಿ ಬಂದಾಳು. ತಾನೇ ಎತ್ತಲಾರದ ವಾದ್ಯ ಅರ್ಧ ಬೇರೆಯವರದೇ. ‘ಗತ್ತಿರಬೇಕು’ ಎಂದ ಅವಳ ಅಣ್ಣನಿಗೆ ನಾನು ಹೇಳಿದ್ದೂ ಇದನ್ನೇ: ‘ಅವಳು ಯಾರನ್ನೂ ಕಾಯದೆ ಹೋಗಿ ನುಡಿಸಿ ಬರೋದೇ ಗತ್ತು ಕಣೋ.’

ಅಂಗಡಿಗೆ ಹೋಗುವಾಗ ಅಕ್ಕನನ್ನೂ ಕರೆದುಕೊಂಡು ಹೋಗು ಎಂದೆ. ಅಂಗಡಿಯ ಹುಡುಗ ಗುಂಡಿ ಏರಿಸಿ ಅಬ್ಬರದ ತುಣುಕೊಂದನ್ನು ನುಡಿಸಿ ತೋರಿಸಿದನಂತೆ. ಇವಳು ಮೂರು ಪೆಟ್ಟಿಗೆಗಳನ್ನು ಒಂದೊಂದಾಗಿ ಕುರ್ಚಿಯ ಮೇಲೆ, ಕಿವಿಯ ಎತ್ತರಕ್ಕೆ ಇಡಿಸಿದಳು. ತಾವು ಹಾಡುವ ಗೀತೆಯನ್ನೇ ಮೆಲ್ಲಗೆ ನುಡಿಸಿದಳು, ಅಕ್ಕ ಮೈಕಿಲ್ಲದೆ ಮಾತಿನ ದನಿಯಲ್ಲೇ ಹಾಡಿದರು. ಯಾವ ಪೆಟ್ಟಿಗೆಯ ಪಕ್ಕದಲ್ಲಿ ಅಕ್ಕನ ಒತ್ತಕ್ಷರ ಅಳಿಸಿಹೋಗಲಿಲ್ಲವೋ, ಅಷ್ಟು ಇಳಿಸಿದಾಗಲೂ ಯಾವುದರ ನಾದ ಸಪ್ಪೆಯಾಗಲಿಲ್ಲವೋ ಅದನ್ನು ಆರಿಸಿದರು. ಮೂವತ್ತು ವ್ಯಾಟ್, ಹತ್ತು ಇಂಚಿನ ಸ್ಪೀಕರ್. ಆ ವರ್ಷದ ನವೆಂಬರಿನಲ್ಲಿ ಅಕ್ಕ ಹತ್ತು ಕಾರ್ಯಕ್ರಮಗಳಲ್ಲಿ ಹಾಡಿದರು, ಡಿಸೆಂಬರಿನಲ್ಲಿ ಪಾಠವನ್ನೂ ಮಾಡಿದರು.

ನಮ್ಮ ಬಡಾವಣೆಗಳ ಮಹಿಳಾ ಮಂಡಳಿಗಳು ಕಾರ್ಯಕ್ರಮ ಏರ್ಪಡಿಸುವಾಗ ಹಾರ, ಶಾಲು, ನೆನಪಿನ ಕಾಣಿಕೆಗಳಿಗೆಲ್ಲ ಒಬ್ಬೊಬ್ಬರನ್ನು ನೇಮಿಸುತ್ತವೆ. ಇನ್ನು ಮೇಲೆ ಸದ್ದಿಗೂ ಒಬ್ಬರು ಇರಲಿ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಅವರು ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು, ವೇದಿಕೆಯ ಮೇಲಿನವರು ಹಾಡುವ ಒಂದು ಪದ್ಯವನ್ನು ಕೇಳುತ್ತ ಬರೆದುಕೊಳ್ಳಲಿ. ಬರೆಯಲಾಗದಿದ್ದರೆ ಹಾಡುವವರಿಗೆ ಜೋರಾಗಿ ಹಾಡಿ ಎನ್ನುವುದು ಬೇಡ. ಮೊದಲು ಪೆಟ್ಟಿಗೆಗಳನ್ನು ಇಳಿಸಲು ಹೇಳಿ.